ಪಹಣಿಯಲ್ಲಿ ಅಡಿಕೆ, ಆಷಾಢದಲ್ಲಿ ಫೀಸು

ಒಂದು ವಾರದಿಂದ ಇಲ್ಲಿ ಏನೂ ಬರೆದಿಲ್ಲ. ಕರೆಂಟ್ ಇರಲಿಲ್ಲ, ಕರೆಂಟ್ ಬಂದಾಗ ನೆಟ್‌ವರ್ಕ್ ಇರಲಿಲ್ಲ, ಎರಡೂ ಇದ್ದ ದಿನ ಮಳೆ ಹೊಳವಾಗಿ ಔಷಧಿ ಹೊಡೆಸೋ ಗಡಿಬಿಡಿ. ಸಿರಿಮನೆ, ಕಿಗ್ಗದ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಇವತ್ತು ಕೊಳೆ ವಿಷಯ ಅಲ್ಲ. ಕೊಳೆ ಔಷಧಿ ಹೊಡೆಯೋಕೆ ಬಂದ ಹುಡುಗನ ವಿಷಯ.

ಮಂಗಳವಾರ ನಾಲ್ಕು ಬ್ಯಾರಲ್ ಮುಗಿಸಿ ಟೀ ಕುಡಿಯೋಕೆ ಅಂತ ರಸ್ತೆ ತಿರುವಿನ ಹತ್ತಿರ ಬಂದಿದ್ವಿ. ನಮ್ಮಲ್ಲಿ ಸಿಗ್ನಲ್ ಸಿಗೋದು ಆ ತಿರುವಿನಲ್ಲಿ ಮಾತ್ರ. ಹುಡುಗನ ಮೊಬೈಲ್ ಒಂದೇ ಸಮ ಟಣ್ ಟಣ್ ಅಂತು, ಮೂರು ದಿನದ ಮೆಸೇಜೆಲ್ಲ ಒಟ್ಟಿಗೆ ಬಂದವು. ಅವನು ಓದಿ ನಕ್ಕ. ಕೈಯೆಲ್ಲ ಮೈಲುತುತ್ತದ ನೀಲಿ, ಅದೇ ಕೈಯಲ್ಲಿ ಮೊಬೈಲ್ ನನ್ನ ಮುಂದೆ ಹಿಡಿದ. "ಗೌಡ್ರೇ, ಸ್ಕಾಲರ್‌ಶಿಪ್ ಬಂತು ನೋಡಿ."

ಬ್ಯಾಂಕಿನ ಮೆಸೇಜು. ಡಿಗ್ರಿ ಮೊದಲನೇ ವರ್ಷದ್ದು. ಅವನು ಕಾಲೇಜು ಬಿಟ್ಟು ಒಂದು ವರ್ಷದ ಮೇಲಾಯ್ತು.

ನನಗೆ ನಗು ಬರಲಿಲ್ಲ. ಅವನಪ್ಪ ನಮ್ಮ ತೋಟಕ್ಕೆ ಇಪ್ಪತ್ತು ವರ್ಷದಿಂದ ಕೊನೆ ತೆಗೆಯೋಕೆ ಬರ್ತಾ ಇದ್ದವರು. ಹುಡುಗ ಪಿಯುಸಿಯಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಾಗ ಮನೆಗೆ ಪೇಡ ತಂದು ಕೊಟ್ಟಿದ್ದ. ಹೊರಗಿನ ಊರಿನ ಒಂದು ಕಾಲೇಜಿಗೆ ಸೇರಿದ. ಹಾಸ್ಟೆಲಿಗೆ ಅರ್ಜಿ ಹಾಕಿದ. ಕ್ಲಾಸು ಶುರುವಾಗಿ ಎಷ್ಟೋ ವಾರ ಆದ ಮೇಲೆ ಹಾಸ್ಟೆಲ್ ಪಟ್ಟಿ ಬಂತು, ಅದರಲ್ಲಿ ಇವನ ಹೆಸರಿಲ್ಲ. ಅಷ್ಟು ದಿನ ನಾಲ್ಕು ಹುಡುಗರು ಸೇರಿ ರೂಮು ಮಾಡಿದ್ದರು. ಬಾಡಿಗೆ, ಮೆಸ್ಸು, ಬಸ್ಸು. ಅರ್ಧ ಫೀಸು ಕಟ್ಟಿದ್ದ, ಉಳಿದರ್ಧ ಸ್ಕಾಲರ್‌ಶಿಪ್ ಬಂದ ಮೇಲೆ ಅಂತ ಹೇಳಿಕೊಂಡಿದ್ದ. ಪರೀಕ್ಷೆ ಫೀಸಿನ ಹೊತ್ತಿಗೆ ಆಫೀಸಿನವರು ಹಳೆ ಬಾಕಿ ಕಟ್ಟು, ಆಮೇಲೆ ಪರೀಕ್ಷೆ ಅರ್ಜಿ ಅಂದರು. ಒಂದು ವಾರ ಕೆಲಸ ಮಾಡಿ ದುಡ್ಡು ಹೊಂದಿಸ್ತೀನಿ ಅಂತ ಊರಿಗೆ ಬಂದ. ಒಂದು ವಾರ ಒಂದು ತಿಂಗಳಾಯ್ತು. ಅಷ್ಟರಲ್ಲಿ ಹಾಜರಾತಿ ಕಮ್ಮಿ ಬಿತ್ತು. ಅಲ್ಲಿಗೆ ಮುಗೀತು.

ಅವನು ನಮ್ಮ ತೋಟದಲ್ಲಿ ಕೆಲಸ ಮಾಡಿದ್ದು ಆ ತಿಂಗಳೇ. ನಾನೇ ಸಂಬಳ ಕೊಟ್ಟಿದ್ದು. ಕೆಲಸಕ್ಕೆ ಜನ ಸಿಗದ ಕಾಲದಲ್ಲಿ ಒಳ್ಳೆ ಆಳು ಸಿಕ್ಕ ಅಂತ ಖುಷಿಯಾಗಿದ್ದೆ. ಯಾಕೆ ಬಂದಿದೀಯ, ವಾಪಸ್ ಯಾವಾಗ ಹೋಗ್ತೀಯ ಅಂತ ಗಟ್ಟಿಯಾಗಿ ಒಂದು ಮಾತು ಕೇಳಲಿಲ್ಲ. ಇದನ್ನ ಮೊದಲು ಹೇಳಿಬಿಡ್ತೀನಿ, ಇಲ್ಲದಿದ್ರೆ ಮುಂದಿನದ್ದೆಲ್ಲ ಬೇರೆಯವರನ್ನ ಬೈದ ಹಾಗೆ ಆಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಬಡವರ ಮಕ್ಕಳ ಓದಿಗೆ ಸರ್ಕಾರ ಏನೂ ಕೊಡಲ್ಲ ಅಂತ ಯಾರಾದ್ರೂ ಅಂದ್ರೆ ನಾನು ಒಪ್ಪಲ್ಲ. ಲೆಕ್ಕ ಹಾಕಿದ್ರೆ ಯೋಜನೆಗಳು ಬೇಕಾದಷ್ಟಿವೆ. 2021ರಲ್ಲಿ ಬಂದ ರೈತ ವಿದ್ಯಾನಿಧಿ ನಮ್ಮಂಥವರಿಗೇ ಅಂತ ಮಾಡಿದ್ದು. ಪಿಯುಸಿ, ಐಟಿಐ, ಡಿಪ್ಲೊಮಾಕ್ಕೆ ಹುಡುಗರಿಗೆ 2,500, ಹುಡುಗಿಯರಿಗೆ 3,000. ಬಿಎ, ಬಿಎಸ್ಸಿ, ಬಿಕಾಂನವರಿಗೆ 5,000 ಮತ್ತು 5,500. ನರ್ಸಿಂಗ್, ಫಾರ್ಮಸಿ, ಕಾನೂನು ಓದೋರಿಗೆ 7,500 ಮತ್ತು 8,000. ಎಂಜಿನಿಯರಿಂಗ್, ಮೆಡಿಕಲ್, ಸ್ನಾತಕೋತ್ತರಕ್ಕೆ 10,000 ಮತ್ತು 11,000. ಹಿಂದುಳಿದ ವರ್ಗದವರಿಗೆ ಹಾಸ್ಟೆಲ್ ಸೀಟು ಸಿಗದಿದ್ದರೆ ಊಟ ವಸತಿಗೆ ವಿದ್ಯಾಸಿರಿ, ತಿಂಗಳಿಗೆ ಇಷ್ಟು ಅಂತ ಹತ್ತು ತಿಂಗಳು. ಪರಿಶಿಷ್ಟರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಬೇರೆ. ಸಿಇಟಿಯಲ್ಲಿ ಸೀಟು ಸಿಕ್ಕವರಿಗೆ ನಿಗಮಗಳ ಅರಿವು ಸಾಲ. ಇಷ್ಟೆಲ್ಲ ಇದ್ದೂ ಹುಡುಗ ಮರದ ಮೇಲಿದ್ದಾನೆ.

ಯಾಕೆ ಅಂದ್ರೆ ನನ್ನ ಪ್ರಕಾರ ಕೊಡೋ ಹೊತ್ತು ತಪ್ಪಿದೆ, ಅಳೆಯೋ ಕೋಲೂ ತಪ್ಪಿದೆ.

ಹೊತ್ತಿನ ವಿಷಯ ಮೊದಲು. ಕಾಲೇಜು ಸೇರೋದು ಯಾವಾಗ? ಜೂನ್, ಜುಲೈ, ಆಗಸ್ಟ್. ನಮ್ಮ ಕೈ ಪೂರ್ತಿ ಖಾಲಿ ಇರೋ ಕಾಲ ಯಾವುದು? ಅದೇ. ಅಡಿಕೆ ಕೊಟ್ಟ ದುಡ್ಡು ಯುಗಾದಿಗೆ ಮುಂಚೆ ಖರ್ಚಾಗಿರುತ್ತೆ. ಮಳೆ ಹಿಡಿಯೋ ಹೊತ್ತಿಗೆ ಮೈಲುತುತ್ತ, ಸುಣ್ಣ, ಔಷಧಿ ಹೊಡೆಯೋರ ಸಂಬಳ. ಅದನ್ನ ಮುಂದೂಡೋ ಹಾಗಿಲ್ಲ, ಒಂದು ವಾರ ತಡ ಆದ್ರೆ ಕಾಯೆಲ್ಲ ಬುಡದಲ್ಲಿರುತ್ತೆ. ಅದೇ ವಾರ ಸೀಟಿನ ಫೀಸು ಕಟ್ಟೋಕೆ ಕಡೇ ದಿನ. ಸಿಇಟಿ ಮೂಲಕ ಸೀಟು ಬಂದ್ರಂತೂ ಕೈಯಲ್ಲಿ ಇರೋದು ಕೆಲವೇ ದಿನ. ಕೂಲಿಯವರ ಮನೆಯಲ್ಲಿ ಇನ್ನೂ ಕಷ್ಟ, ಜಡಿಮಳೆಯಲ್ಲಿ ಕೆಲಸವೇ ಇರಲ್ಲ. ದೀಪಾವಳಿ ಹೊತ್ತಿಗೆ ಕೊಯ್ಲು ಶುರು, ಸುಲಿದು ಬೇಯಿಸಿ ಒಣಗಿಸಿ ಮಂಡಿಗೆ ಹಾಕಿ ದುಡ್ಡು ನೋಡೋದು ಸಂಕ್ರಾಂತಿ ಕಳೆದ ಮೇಲೆ. ಸ್ಕಾಲರ್‌ಶಿಪ್ಪೂ ಹೆಚ್ಚುಕಮ್ಮಿ ಆಗಲೇ ಬರೋದು, ಅಥವಾ ಮುಂದಿನ ವರ್ಷ, ಅಥವಾ ಈ ಹುಡುಗನಿಗೆ ಬಂದ ಹಾಗೆ. ಅಂದ್ರೆ ಬೇಕಾದಾಗ ಎಲ್ಲೂ ಇಲ್ಲ, ಸಿಗುವಾಗ ಎಲ್ಲ ಕಡೆಯಿಂದ ಸಿಗುತ್ತೆ.

ಈ ನಡುವಿನ ಆರು ತಿಂಗಳನ್ನ ನಾವು ಹೇಗೆ ದಾಟ್ತೀವಿ ಅಂತ ನಮಗೆ ನಮಗೇ ಗೊತ್ತು. ಸೊಸೈಟಿಯ ಬೆಳೆ ಸಾಲ ತೆಗೆದು ಮಕ್ಕಳ ಫೀಸು ಕಟ್ಟೋದು. ಶೂನ್ಯ ಬಡ್ಡಿ ಸಾಲದ ಮಿತಿಯನ್ನ 2023ರ ಬಜೆಟ್‌ನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದಾಗ ನಮ್ಮ ಕೇರಿಯಲ್ಲಿ ಗೊಬ್ಬರದ ಬಗ್ಗೆ ಯಾರೂ ಮಾತಾಡಲಿಲ್ಲ, ಮಕ್ಕಳ ಕಾಲೇಜಿನ ಬಗ್ಗೆ ಮಾತಾಡಿದ್ರು. ನಾನೂ ಮಾಡಿದೀನಿ. ಮಗಳನ್ನ ಬಿಎಸ್ಸಿಗೆ ಸೇರಿಸಿದ ವರ್ಷ ತೋಟಕ್ಕೆ ಗೊಬ್ಬರ ಬೀಳಲಿಲ್ಲ. ಅಡಿಕೆ ಮರ ಅದನ್ನ ಎರಡು ವರ್ಷ ನೆನಪಿಟ್ಟುಕೊಳ್ತು. ಆದರೆ ಪಹಣಿ ಇದ್ದವನಿಗೆ ಈ ಉಪಾಯ. ಹುಡುಗನ ಅಪ್ಪನಿಗೆ ಯಾವ ಸೊಸೈಟಿ ಬೆಳೆ ಸಾಲ ಕೊಡುತ್ತೆ?

ಇನ್ನು ಅಳತೆಕೋಲು. ಎಲ್ಲದಕ್ಕೂ ಮೊದಲು ಕೇಳೋದು ಆದಾಯ ಪ್ರಮಾಣಪತ್ರ. ಆ ಕಾಗದ ಐದು ವರ್ಷ ನಡೆಯುತ್ತೆ. ಸಂಬಳದವರಿಗೆ ಅದು ಸರಿ ಇರಬಹುದು. ನಮ್ಮ ಶೃಂಗೇರಿ, ಕೊಪ್ಪದ ತೋಟಕ್ಕೆ ಐದು ವರ್ಷ ಅಂದ್ರೆ ಎಂತ ಅಂತ ಹಳದಿ ಎಲೆ ರೋಗ ಕಂಡವರಿಗೆ ಗೊತ್ತು. ಈಗ ಅದರ ಮೇಲೆ ಎಲೆಚುಕ್ಕಿ. ನಮ್ಮ ಒಂದೂವರೆ ಎಕರೆಯಲ್ಲಿ ಒಳ್ಳೆ ಕಾಲದಲ್ಲಿ ಹನ್ನೊಂದು ಹನ್ನೆರಡು ಕ್ವಿಂಟಾಲ್ ಆಗ್ತಿತ್ತು, ಹೋದ ವರ್ಷ ನಾಲ್ಕು ದಾಟಲಿಲ್ಲ. ಮೇಲಿನ ಮನೆಯವರದ್ದು ಪೂರ್ತಿ ಹೋಯ್ತು, ಮರ ಕಡಿದು ಬುಡ ಬಿಟ್ಟಿದ್ದಾರೆ. ಆದರೆ ಪಹಣಿ ತೆಗೆಸಿ ನೋಡಿ, ಅಡಿಕೆ, ಒಂದು ಎಕರೆ ಇಷ್ಟು ಗುಂಟೆ ಅಂತ ಚಂದಾಗಿ ಬಂದಿರುತ್ತೆ. ಅಡಿಕೆಗೆ ಕ್ವಿಂಟಾಲಿಗೆ ಐವತ್ತು ಸಾವಿರ ಅಂತ ಪೇಪರಿನಲ್ಲಿ ಬಂದ ದಿನ ಅರ್ಜಿ ಹಿಡಿದು ಹೋದ್ರೆ ಕೇಳೋದೇ ಬೇಡ. "ನೀವು ಅಡಿಕೆಯವರು, ನಿಮಗೆಂತಕ್ಕೆ ಸ್ಕಾಲರ್‌ಶಿಪ್ಪು" ಅಂತ ನನಗೇ ಒಬ್ಬರು ಹೇಳಿದ್ರು. ಯಾವ ಆಫೀಸು ಅಂತ ಬರೆಯಲ್ಲ. ಅವರ ತಪ್ಪೂ ಅಷ್ಟಿಲ್ಲ, ಅವರ ಮುಂದೆ ಇದ್ದದ್ದು ಪಹಣಿ, ತೋಟ ಅಲ್ಲ.

ರೈತ ವಿದ್ಯಾನಿಧಿಗೆ ಆದಾಯದ ಕಾಟ ಇಲ್ಲ, ಬೇರೆ ಕಾಟ. ಅಪ್ಪ ಅಥವಾ ಅಮ್ಮನ ಹೆಸರಲ್ಲಿ ಫ್ರೂಟ್ಸ್ ತಂತ್ರಾಂಶದ ಎಫ್‌ಐಡಿ ನಂಬರ್ ಬೇಕು. ಎಫ್‌ಐಡಿ ಬೇಕು ಅಂದ್ರೆ ಜಮೀನು ಅವರ ಹೆಸರಲ್ಲಿರಬೇಕು. ನಮ್ಮ ಕಡೆ ಎಷ್ಟು ಮನೆಯಲ್ಲಿ ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ ಹೇಳಿ. ಅಜ್ಜ ತೀರಿಕೊಂಡು ಮೂವತ್ತು ವರ್ಷ, ಅಣ್ಣತಮ್ಮಂದಿರು ಮಾತುಬಿಟ್ಟು ಹದಿನೈದು ವರ್ಷ, ಪೌತಿ ಖಾತೆ ಆಗಿಲ್ಲ. ಇನ್ನು ಕೆಲವರದ್ದು ಬಗರ್‌ಹುಕುಂ ಅರ್ಜಿ, 53, 57 ಅಂತ ನಂಬರ್ ನೆನಪಿಟ್ಟುಕೊಂಡು ತಲೆ ಬೆಳ್ಳಗಾಯ್ತು. ಉಳಿಮೆ ಮಾಡೋದು ನಾವೇ, ತೆಂಗು ಅಡಿಕೆ ನೆಟ್ಟಿದ್ದೂ ನಾವೇ, ಆದರೆ ಆ ಕಂಪ್ಯೂಟರಿನ ಲೆಕ್ಕದಲ್ಲಿ ನಾವು ರೈತರಲ್ಲ. ಕೃಷಿ ಕೂಲಿಯವರ ಮಕ್ಕಳನ್ನ ಈ ಯೋಜನೆಗೆ ಸೇರಿಸಿದ್ದು ಒಂದು ವರ್ಷ ಕಳೆದ ಮೇಲೆ. ಹೊಲ ಇದ್ದವನ ಮಗನಿಗಿಂತ ಹೊಲದಲ್ಲಿ ದುಡಿಯೋನ ಮಗನಿಗೆ ಮೊದಲು ಕೊಡಬೇಕಿತ್ತು ಅಂತ ನನ್ನ ಅಭಿಪ್ರಾಯ. ಇದಕ್ಕೆ ಕೆಲವರಿಗೆ ನನ್ನ ಮೇಲೆ ಸಿಟ್ಟು ಬರಬಹುದು, ಬರಲಿ.

ಕಾಗದ ಎಲ್ಲ ಸರಿ ಇದ್ದರೂ ಎಸ್‌ಎಸ್‌ಪಿ ಪೋರ್ಟಲ್ ಅಂತ ಒಂದು ಘಟ್ಟ ಇದೆ. ಆಧಾರಿನಲ್ಲಿ ಅಪ್ಪನ ಹೆಸರಿಗೆ ಒಂದು ಇನಿಷಿಯಲ್ಲು, ಮಾರ್ಕ್ಸ್‌ಕಾರ್ಡಿನಲ್ಲಿ ಇನ್ನೊಂದು. ಬ್ಯಾಂಕ್ ಖಾತೆ ಆಧಾರಿಗೆ ಜೋಡಣೆ ಆಗಿರಬೇಕು. ಕಾಲೇಜಿನಲ್ಲಿ ದಾಖಲೆಗಳನ್ನ ಇ-ದೃಢೀಕರಣ ಮಾಡಿಸಬೇಕು. ಒಟಿಪಿ ಬರೋದು ಅಪ್ಪನ ಮೊಬೈಲಿಗೆ, ಮಗ ಇರೋದು ಶಿವಮೊಗ್ಗದಲ್ಲಿ, ಅಪ್ಪ ಇರೋದು ನೆಟ್‌ವರ್ಕ್ ಇಲ್ಲದ ತೋಟದಲ್ಲಿ. ಅಪ್ಪ ಗುಡ್ಡ ಹತ್ತಿ ತಿರುವಿಗೆ ಬರೋ ಹೊತ್ತಿಗೆ ಒಟಿಪಿ ಅವಧಿ ಮುಗಿದಿರುತ್ತೆ. ನಗಬೇಡಿ ಮಾರಾಯ್ರೆ, ನಮ್ಮನೆಯಲ್ಲೇ ಆಗಿದ್ದು ಇದು.

ಇಷ್ಟಕ್ಕೂ ಸರ್ಕಾರಿ ಡಿಗ್ರಿ ಕಾಲೇಜಿನ ಫೀಸು ಅಂಥಾ ದೊಡ್ಡ ಮೊತ್ತ ಅಲ್ಲ. ಹುಡುಗನನ್ನ ಸೋಲಿಸಿದ್ದು ಫೀಸು ಒಂದೇ ಅಲ್ಲ, ರೂಮು ಮತ್ತು ಊಟ. ಇದು ಹೊಸ ಮಾತೇನೂ ಅಲ್ಲ. ನಮ್ಮ ಪಕ್ಕದ ಕೊಪ್ಪ ತಾಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಮೈಸೂರಿಗೆ ಓದೋಕೆ ಹೋದಾಗ ಅವರಿಗೆ ನೆಲೆಯಾಗಿದ್ದು ಅಲ್ಲಿನ ರಾಮಕೃಷ್ಣ ಆಶ್ರಮ. ಅವರದ್ದು ಬಡ ಮನೆ ಅಲ್ಲ, ಕುಪ್ಪಳಿಯ ಮನೆ ನೋಡಿದವರಿಗೆ ಗೊತ್ತು. ಆದರೂ ಮಲೆನಾಡಿನ ಹುಡುಗನಿಗೆ ಅಷ್ಟು ದೂರದ ಊರಿನಲ್ಲಿ ಒಂದು ಸೂರು, ಒಂದು ಊಟ, ವಿಚಾರಿಸಿಕೊಳ್ಳೋ ಒಬ್ಬರು ಬೇಕಾಯ್ತು. ಮುಂದೆ ಅದೇ ಮೈಸೂರು ವಿಶ್ವವಿದ್ಯಾನಿಲಯಕ್ಕೆ 1956ರಿಂದ 60ರವರೆಗೆ ಕುಲಪತಿ ಆಗಿ ಮಾನಸಗಂಗೋತ್ರಿ ಕಟ್ಟಿದ್ರು. ಸೂರು ಸಿಗದೆ ವಾಪಸ್ ಬಂದವರ ಹೆಸರು ನಮಗೆ ಗೊತ್ತಿಲ್ಲ, ಯಾಕಂದ್ರೆ ಅವರೆಲ್ಲ ತೋಟದಲ್ಲಿ ಕಳೆದುಹೋದ್ರು.

ಬಸ್ಸೂ ಇದರಲ್ಲಿ ಸೇರಿಕೊಂಡಿದೆ. ಕೊಪ್ಪದ ಸಹಕಾರ ಸಾರಿಗೆ ಇದ್ದಾಗ ಮಕ್ಕಳಿಗೆ ರಿಯಾಯಿತಿ ಪಾಸು ಸಿಗ್ತಿತ್ತು. 1991ರಲ್ಲಿ ಕೆಲಸಗಾರರೇ ಸೇರಿ ಕಟ್ಟಿದ ಬಸ್ಸುಗಳವು, ಎಷ್ಟೋ ಹಳ್ಳಿಯ ಮಕ್ಕಳು ಆ ಬಸ್ಸಿನಲ್ಲೇ ಡಿಗ್ರಿ ಮುಗಿಸಿದ್ರು. 2020ರಲ್ಲಿ ನಿಂತು ಹೋಯ್ತು. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಉಚಿತ, ಒಳ್ಳೇದೇ. ಆದರೆ ಖಾಸಗಿ ಬಸ್ಸೇ ಗತಿಯಾಗಿರೋ ದಾರಿಯಲ್ಲಿ ಆ ಉಚಿತ ಹತ್ತೋಕಾಗಲ್ಲ. ಊರಲ್ಲೇ ಉಳಿದು ಹತ್ತಿರದ ಕಾಲೇಜಿಗೆ ಹೋಗಿ ಬರ್ತೀನಿ ಅನ್ನೋ ಮಕ್ಕಳಿಗೆ ಹಾಸ್ಟೆಲ್ ಬೇಡ, ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸು ಸಾಕು.

ಹಾಗಾದ್ರೆ ಎಂತ ಆಗಬೇಕು? ನನಗೆ ತೋಚಿದ್ದು ಹೇಳ್ತೀನಿ, ಎಸ್ಸೆಸ್ಸೆಲ್ಸಿ ಓದಿದವನ ಬುದ್ಧಿ ಅಂತ ಇಟ್ಕೊಳ್ಳಿ.

ನಮ್ಮ ಎರಡು ಜಿಲ್ಲೆಯ ಡಿಗ್ರಿ ಕಾಲೇಜುಗಳು ಬರೋದು ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಕೆಳಗೆ. 1987ರಲ್ಲಿ ಅದು ಶುರುವಾಗಿದ್ದೇ ಮಲೆನಾಡಿನ ಮಕ್ಕಳು ಮೈಸೂರು, ಧಾರವಾಡ ಅಂತ ಅಲೆಯೋದು ತಪ್ಪಲಿ ಅಂತ ಅಂತ ನಾನು ತಿಳಿದುಕೊಂಡಿದೀನಿ. ಮಲೆನಾಡಿನ ವಿಶ್ವವಿದ್ಯಾನಿಲಯಕ್ಕೆ ಮಲೆನಾಡಿನ ಬೆಳೆ ಯಾವಾಗ ಕೈಗೆ ಬರುತ್ತೆ ಅಂತ ಗೊತ್ತಿರಬೇಕಲ್ಲ. ಫೀಸನ್ನ ಎರಡು ಕಂತು ಮಾಡಲಿ. ಸೇರುವಾಗ ಹೆಸರಿಗೆ ಒಂದಿಷ್ಟು, ಉಳಿದದ್ದು ಫೆಬ್ರವರಿಯಲ್ಲಿ, ಅಡಿಕೆ ಮಾರಿದ ಮೇಲೆ. ಸ್ಕಾಲರ್‌ಶಿಪ್ ಅರ್ಜಿ ಹಾಕಿ ಸ್ವೀಕೃತಿ ತೋರಿಸಿದ ಮಕ್ಕಳನ್ನ ಬಾಕಿ ಇದೆ ಅಂತ ಪರೀಕ್ಷೆಯಿಂದ ನಿಲ್ಲಿಸಬಾರದು. ಸರ್ಕಾರದಿಂದ ಬರಬೇಕಾದ ದುಡ್ಡಿಗೆ ಮಗುವನ್ನ ಯಾಕೆ ಹಿಡಿಬೇಕು? ಹಾಸ್ಟೆಲ್ ಪಟ್ಟಿ ಕ್ಲಾಸು ಶುರುವಾಗೋ ಮುಂಚೆ ಬರಲಿ. ಕ್ಲಾಸು ಶುರುವಾಗಿ ತಿಂಗಳು ಕಳೆದ ಮೇಲೆ ಕೊಡೋ ಮಂಚದಲ್ಲಿ ಮಲಗೋಕೆ ಹುಡುಗ ಅಲ್ಲಿರಲ್ಲ.

ಆದಾಯದ ವಿಷಯದಲ್ಲಿ ರೋಗ ಬಂದ ತೋಟವನ್ನ ರೋಗದ ತೋಟ ಅಂತಲೇ ಬರೆದುಕೊಳ್ಳಬೇಕು. ಈಗ ಬೆಳೆ ಸಮೀಕ್ಷೆ ಅಂತ ಮೊಬೈಲ್ ಹಿಡಿದು ಗದ್ದೆ ತೋಟಕ್ಕೆಲ್ಲ ಬಂದು ಫೋಟೋ ತೆಗಿತಾರೆ. ಆ ಫೋಟೋದಲ್ಲಿ ಹಳದಿ ಕಾಣಲ್ವಾ? ಮರದ ಹೆಸರು ಬರೆಯುವಾಗ ಮರ ಬದುಕಿದೆಯೋ ಇಲ್ಲವೋ ಅಂತ ಒಂದು ಕಲಂ ಹಾಕೋಕೆ ಎಷ್ಟು ಖರ್ಚು?

ನಾವು ಮಾಡಬೇಕಾದ್ದೂ ಇದೆ. ಅಣ್ಣತಮ್ಮಂದಿರ ಜಗಳ ಮಕ್ಕಳ ಎಫ್‌ಐಡಿಗೆ ಅಡ್ಡ ಬರಬಾರದು, ಪೌತಿ ಖಾತೆಗೆ ಒಂದು ಸಹಿ ಹಾಕಿ, ಮಾತು ಬೇಕಾದ್ರೆ ಆಮೇಲೂ ಬಿಟ್ಟಿರಿ. ಆದಾಯ ಪ್ರಮಾಣಪತ್ರ ಮಗ ಪಿಯುಸಿ ಎರಡನೇ ವರ್ಷಕ್ಕೆ ಬಂದಾಗಲೇ ಹೊಸದು ಮಾಡಿಸಿ. ಬ್ಯಾಂಕಿನವರು 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಕೇಳುವ ಹಾಗಿಲ್ಲ, ಕೇಳಿದ್ರೆ ಬರೆದು ಕೊಡಿ ಅನ್ನಿ. ಪಿಯುಸಿಯಲ್ಲಿ ಸೈನ್ಸ್ ತಗೊಂಡ ಮಕ್ಕಳಿದ್ರೆ ಕೃಷಿ, ತೋಟಗಾರಿಕೆ ಡಿಗ್ರಿಯಲ್ಲಿ ಕೃಷಿಕರ ಮಕ್ಕಳಿಗೆ ಅಂತ ಪ್ರತ್ಯೇಕ ಸೀಟಿವೆ, 2021ರಲ್ಲಿ ಆ ಪಾಲನ್ನ ಶೇ 40ರಿಂದ 50ಕ್ಕೆ ಏರಿಸಿದ್ರು. ಅದಕ್ಕೆ ಒಂದು ಪ್ರಾಯೋಗಿಕ ಪರೀಕ್ಷೆ ಇರುತ್ತೆ, ಬೀಜ, ಗೊಬ್ಬರ, ಸಲಕರಣೆ ಗುರುತಿಸೋದು. ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ, ಸಾಗರದ ಇರುವಕ್ಕಿಯಲ್ಲಿ ವಿಶ್ವವಿದ್ಯಾನಿಲಯವೇ ಇದೆ. ನಮ್ಮ ಮಕ್ಕಳು ಕಣ್ಣು ಮುಚ್ಚಿ ಪಾಸಾಗೋ ಪರೀಕ್ಷೆಗೆ ನಮ್ಮ ಮಕ್ಕಳೇ ಕೂರಲ್ಲ, ಯಾಕಂದ್ರೆ ಅಂಥದ್ದೊಂದು ಇದೆ ಅಂತ ಗೊತ್ತಿಲ್ಲ.

ಮತ್ತೆ ನಮ್ಮ ಸೊಸೈಟಿ. ಸದಸ್ಯರ ಸಭೆಯಲ್ಲಿ ನಾನು ಒಂದು ವಿಷಯ ಇಡಬೇಕು ಅಂತಿದೀನಿ. ಲಾಭದಲ್ಲಿ ಸ್ವಲ್ಪ ತೆಗೆದಿಟ್ಟು, ಜುಲೈಯಲ್ಲಿ ಫೀಸಿಗೆ ಕೊಟ್ಟು ಫೆಬ್ರವರಿಯಲ್ಲಿ ವಾಪಸ್ ತಗೊಳ್ಳೋ ಒಂದು ಕೈಸಾಲ. ಸದಸ್ಯರ ಮಕ್ಕಳಿಗೆ ಮಾತ್ರ ಅಲ್ಲ, ಸದಸ್ಯರ ತೋಟದಲ್ಲಿ ದುಡಿಯೋರ ಮಕ್ಕಳಿಗೂ, ಸದಸ್ಯ ಜಾಮೀನು ನಿಲ್ಲಬೇಕು. ಕಾಯ್ದೆ ಅಡ್ಡ ಬರುತ್ತೆ ಅಂತ ಯಾರಾದ್ರೂ ಹೇಳಬಹುದು. ಬಂದ್ರೆ ಎಲ್ಲಿ ಬರುತ್ತೆ ಅಂತ ನೋಡೋಣ.

ಇದನ್ನ ಹೇಳಿದಾಗೆಲ್ಲ ಒಬ್ಬರಾದ್ರೂ ಕೇಳ್ತಾರೆ, "ಓದಿಸಿ ಎಂತ ಮಾಡ್ತೀರಿ, ಬೆಂಗಳೂರಿಗೆ ಹೋಗ್ತಾರೆ, ತೋಟ ನೋಡೋರು ಯಾರು?" ಮಾತಿನಲ್ಲಿ ನೋವಿದೆ, ಒಪ್ತೀನಿ. ಕೇರಿಯಲ್ಲಿ ಸಂಜೆ ಎಷ್ಟು ಮನೆಯಲ್ಲಿ ಇಬ್ಬರೇ ಮುದುಕರು ಟಿವಿ ಮುಂದೆ ಕೂತಿರ್ತಾರೆ ಅಂತ ನನಗೂ ಗೊತ್ತು. ಆದರೆ ಓದದೆ ಬಿಟ್ಟವರೂ ಊರಲ್ಲಿ ಉಳಿದಿಲ್ಲ. ಅವರೂ ಬೆಂಗಳೂರಿಗೇ ಹೋಗಿದ್ದು, ಹೋಟೆಲ್ಲಿಗೆ, ಬೇಕರಿಗೆ, ಡೆಲಿವರಿ ಬೈಕಿಗೆ. ಹೋಗೋದು ಹೇಗೂ ಹೋಗ್ತಾರೆ, ಕೈಯಲ್ಲಿ ಏನು ಹಿಡಿದುಕೊಂಡು ಹೋಗ್ತಾರೆ ಅನ್ನೋದಷ್ಟೇ ಪ್ರಶ್ನೆ. ತೋಟಕ್ಕೆ ಆಳು ಬೇಕು ಅಂತ ಇನ್ನೊಬ್ಬರ ಮಗ ಕಾಲೇಜು ಬಿಡಲಿ ಅಂತ ಬಯಸೋಕಾಗಲ್ಲ. ನಾನು ಬಯಸಿರಲಿಲ್ಲ, ಆದರೆ ಬೇಡ ಅಂತಲೂ ಹೇಳಲಿಲ್ಲ ಅಂತ ಮೇಲೆ ಬರೆದಿದೀನಿ.

ಮಂಗಳವಾರ ಟೀ ಕುಡಿದ ಮೇಲೆ ಹುಡುಗನ ಹತ್ತಿರ ಕೇಳಿದೆ, ಈ ದುಡ್ಡು ಎಂತ ಮಾಡ್ತೀಯ ಅಂತ. "ಅಮ್ಮನಿಗೆ ಒಂದು ಮಿಕ್ಸಿ ತರ್ತೀನಿ ಗೌಡ್ರೇ, ಉಳಿದದ್ದು ಗೊತ್ತಿಲ್ಲ" ಅಂದ. ಮತ್ತೆ ಸೇರ್ತೀಯಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ತಗೊಳ್ತಾರಾ ಅಂತ ಕೇಳಿದ.

ಅಲ್ಲೇ ತಿರುವಿನಲ್ಲಿ ನಿಂತು ಅವನ ಕಾಲೇಜಿಗೆ ಫೋನ್ ಮಾಡಿದೆ. ಮೂರು ಸಲ ಕಟ್ ಆಯ್ತು, ನಾಲ್ಕನೇ ಸಲ ಒಬ್ಬರು ಎತ್ತಿದ್ರು. ಹಳೆ ಬಾಕಿ ತೀರಿಸಿ, ಟಿಸಿ ತಗೊಂಡಿಲ್ಲ ಅಂದ್ರೆ ಮರುಪ್ರವೇಶಕ್ಕೆ ಅರ್ಜಿ ಕೊಟ್ಟು ನೋಡಿ, ಪ್ರಾಂಶುಪಾಲರ ಹತ್ತಿರ ಮಾತಾಡಬೇಕು ಅಂದ್ರು. ಟಿಸಿ ತಗೊಂಡಿಲ್ಲ ಅವನು. ಬಾಕಿ ಎಷ್ಟು ಅಂತ ಕೇಳಿದೆ. ಬಂದ ಸ್ಕಾಲರ್‌ಶಿಪ್‌ಗಿಂತ ಸ್ವಲ್ಪ ಹೆಚ್ಚು.

ಶನಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಇಬ್ಬರೂ ಹೋಗ್ತಾ ಇದೀವಿ. ಮಿಕ್ಸಿ ಸದ್ಯಕ್ಕೆ ಬೇಡ ಅಂತ ಅವನಮ್ಮನೇ ಹೇಳಿದ್ದಾರೆ. ಔಷಧಿ ಇನ್ನೂ ಆರು ಬ್ಯಾರಲ್ ಬಾಕಿ ಇದೆ, ಭಾನುವಾರ ಹೊಳವಾದ್ರೆ ಹೊಡೆಯೋಕೆ ಬೇರೆ ಯಾರಾದ್ರೂ ಸಿಗ್ತಾರಾ ಅಂತ ಗೊತ್ತಿದ್ದವರು ತಿಳಿಸಿ.